ನಮ್ಮೂರಿಗೆ 399 ದಿನ ತಡ

ಮಕ್ಕಳೇ, ಮೊದಲು ಒಂದು ಲೆಕ್ಕ ಮಾಡಿ. 1947ರ ಆಗಸ್ಟ್ 15ರಿಂದ 1948ರ ಸೆಪ್ಟೆಂಬರ್ 17ರವರೆಗೆ ಎಷ್ಟು ದಿನ? 1948 ಅಧಿಕ ವರ್ಷ, ಫೆಬ್ರವರಿಗೆ 29 ದಿನ ಹಿಡಿಯಬೇಕು. ಉತ್ತರ 399. ಏಳರಿಂದ ಭಾಗಿಸಿದರೆ ಶೇಷವಿಲ್ಲದೆ 57 ವಾರ. ಹಾಗಾಗಿ ಎರಡೂ ದಿನ ಶುಕ್ರವಾರವೇ ಬಂದಿವೆ. ಬ್ಯಾಂಕಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಠೇವಣಿಗಳ ಬಡ್ಡಿ ಹಾಕಿದವನು ನಾನು. ದಿನಗಳನ್ನು ಎಣಿಸುವ ಚಟ ನಿವೃತ್ತಿಯಾದ ಮೇಲೂ ಹೋಗಿಲ್ಲ.

ಆದರೆ ಈ 399 ದಿನ ಬರೀ ಚಟದ ಲೆಕ್ಕವಲ್ಲ. ದೆಹಲಿಯಲ್ಲಿ ತ್ರಿವರ್ಣ ಧ್ವಜ ಏರಿದ ಮೇಲೆ ನಮ್ಮ ಸಾಲಗುಂದಕ್ಕೆ ಸ್ವಾತಂತ್ರ್ಯ ಬಂದು ಮುಟ್ಟಲು ಹಿಡಿದ ಕಾಲ ಅದು. ಸಾಲಗುಂದ ಇರುವುದು ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ. ಆಗ ನಾವು ಹೈದರಾಬಾದ್ ನಿಜಾಮರ ಪ್ರಜೆಗಳು. ಆ ಸಂಸ್ಥಾನದಲ್ಲಿ 16 ಜಿಲ್ಲೆಗಳಿದ್ದವು. ತೆಲುಗಿನವರದು ದೊಡ್ಡ ಪಾಲು, ಮರಾಠಿಯವರದು ಅದರ ನಂತರ, ಕನ್ನಡದವರದು ಮೂರೇ ಜಿಲ್ಲೆ: ಬೀದರ್, ಗುಲಬರ್ಗಾ, ರಾಯಚೂರು. ಈಗಿನ ಕೊಪ್ಪಳ ಆಗ ರಾಯಚೂರಿನೊಳಗೇ ಇತ್ತು.

ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು 1947ರ ಜೂನ್‌ನಲ್ಲೇ ಫರ್ಮಾನು ಹೊರಡಿಸಿ, ತಾವು ಭಾರತಕ್ಕೂ ಸೇರುವುದಿಲ್ಲ, ಪಾಕಿಸ್ತಾನಕ್ಕೂ ಸೇರುವುದಿಲ್ಲ ಎಂದುಬಿಟ್ಟರು. ಆಗಸ್ಟ್ 7ರಂದು ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನವರು ‘ಭಾರತ ಒಕ್ಕೂಟ ಸೇರಿ’ ಎಂಬ ದಿನವನ್ನು ಆಚರಿಸಿದರು. ಭಾರತದ ಬಾವುಟ ಹಾರಿಸಬಾರದೆಂದು ಸರ್ಕಾರದ ಹುಕುಂ ಬಂತು. ಆಗಸ್ಟ್ 15ರಂದು ಬಾವುಟ ಹಾರಿಸಿದ ಕಾಂಗ್ರೆಸ್ಸಿನ ಅಧ್ಯಕ್ಷ ಸ್ವಾಮಿ ರಮಾನಂದ ತೀರ್ಥರು ಆ ದಿನವೇ ಜೈಲು ಸೇರಿದರು. ಈ ಸ್ವಾಮಿಗಳು ಹುಟ್ಟಿದ್ದು 1903ರಲ್ಲಿ, ನಮ್ಮ ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ. ದೇಶವೆಲ್ಲ ಸಿಹಿ ಹಂಚುವ ದಿನ ನಮ್ಮ ನಾಯಕರು ಸೆರೆಮನೆಯಲ್ಲಿ ಕೂತಿದ್ದರು. ಇದನ್ನು ನಿಮ್ಮ ಭಾಷಣದ ಚೀಟಿಯಲ್ಲಿ ಬರೆದುಕೊಳ್ಳಿ. ಪ್ರತಿ ವರ್ಷ ಅದೇ ಆರು ಹೆಸರು ಕೇಳಿ ಕೇಳಿ ಮುಖ್ಯೋಪಾಧ್ಯಾಯರಿಗೂ ಬೇಸರ ಬಂದಿರುತ್ತದೆ.

ನಮ್ಮ ತಾಲ್ಲೂಕಿನ ದಕ್ಷಿಣಕ್ಕೆ ತುಂಗಭದ್ರಾ ಹೊಳೆ. ಆಚೆ ದಡದಲ್ಲಿ ಸಿರಗುಪ್ಪ, ಬಳ್ಳಾರಿ ಜಿಲ್ಲೆ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹೀಗಾಗಿ ಒಂದೇ ಹೊಳೆಯ ಆಚೆ ದಡಕ್ಕೆ ಸ್ವಾತಂತ್ರ್ಯ, ಈಚೆ ದಡಕ್ಕೆ ನಿಜಾಮರ ಆಳ್ವಿಕೆ. ಅದೇ ಕನ್ನಡ, ಅದೇ ಜೋಳದ ರೊಟ್ಟಿ, ಮಾವಂದಿರ ಮನೆ ಆಚೆ, ಅಳಿಯಂದಿರ ಮನೆ ಈಚೆ. ಆಗ ಆಣೆಕಟ್ಟು ಇನ್ನೂ ಕಟ್ಟುತ್ತಿದ್ದರು, ಮಳೆಗಾಲದ ಹೊಳೆಗೆ ಹಿಡಿತವೆಂಬುದೇ ಇರಲಿಲ್ಲ. ಅಂಥ ಹೊಳೆಯಲ್ಲಿ ನಮ್ಮ ದೊಡ್ಡಪ್ಪ, ಆಗಿನ್ನೂ ಹದಿನಾಲ್ಕರ ಹುಡುಗ, ಹರಿಗೋಲಿನವನನ್ನು ಕಾಡಿ ಬೇಡಿ ಆಚೆ ದಡಕ್ಕೆ ಹೋಗಿ ಬಾವುಟ ಏರುವುದನ್ನು ನೋಡಿಬಂದರಂತೆ. ಬರುವಾಗ ರುಮಾಲಿನೊಳಗೆ ಮಡಚಿಟ್ಟುಕೊಂಡು ಒಂದು ಕಾಗದದ ಬಾವುಟ ತಂದಿದ್ದರು.

ಅದನ್ನು ಕಂಡ ನಮ್ಮ ಅಜ್ಜಿ ಮೊದಲು ಬೆನ್ನಿಗೆ ಎರಡು ಬಾರಿಸಿದಳು. ಆಮೇಲೆ ಬಾವುಟವನ್ನು ಬೀಸುವ ಕಲ್ಲಿನ ಅಡಿಗೆ ಇಟ್ಟಳು. “ಸುಡಬೇಕಂತ ಒಲೀ ಮುಂದ ಹೋದೆ ತಮ್ಮಾ, ಯಾಕೋ ಮನಸು ಬರಲಿಲ್ಲ” ಎಂದು ನನಗೆ ಹೇಳಿದ್ದಳು. ಆ ಕಾಗದ ಸಿಕ್ಕಿದ್ದರೆ ಮನೆಯ ಗಂಡಸರಿಗೆ ಏನಾಗುತ್ತಿತ್ತು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಓದು ಬರಹ ತಿಳಿಯದವಳು. ಮುಂದೆ ಒಂದು ವರ್ಷ ಆ ಕಲ್ಲಿನ ಮೇಲೇ ಜೋಳ ಬೀಸಿದಳು.

ರಜಾಕಾರರ ಹೆಸರನ್ನು ಊರಿನ ಹಿರಿಯರ ಬಾಯಲ್ಲಿ ನೀವು ಕೇಳಿರಬಹುದು. ಲಾತೂರಿನ ವಕೀಲ ಕಾಸಿಂ ರಜ್ವಿ ಅವರ ಮುಖಂಡ. ನಿಜಾಮರ ಗದ್ದುಗೆ ಉಳಿಸುವ ಸ್ವಯಂಸೇವಕರು ಎಂದು ಹೇಳಿಕೊಂಡು ಊರೂರು ನುಗ್ಗಿ ದವಸ, ದನ, ಒಡವೆ ದೋಚುತ್ತಿದ್ದರು. ಎದುರು ನಿಂತವರನ್ನು ಕೊಲ್ಲುತ್ತಿದ್ದರು. ಬಸವಕಲ್ಯಾಣದ ಹತ್ತಿರದ ಗೋರಟಾ ಎಂಬ ಹಳ್ಳಿಯಲ್ಲಿ 1948ರ ಮೇ ತಿಂಗಳಿನಲ್ಲಿ ನಡೆದ ಹತ್ಯಾಕಾಂಡದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರೆಂದು ಹೇಳುತ್ತಾರೆ. ನಮ್ಮ ಕಡೆ ಜನ ಹಗೇವಿನಲ್ಲಿ ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತಿ, ಮೇಲೆ ಕಸ ಹರವಿ, ಮಕ್ಕಳನ್ನು ಕಟ್ಟಿಕೊಂಡು ಹೊಳೆ ದಾಟಿ ಹೋಗುತ್ತಿದ್ದರು.

ಓಡಿ ಹೋದವರೆಲ್ಲ ಸುಮ್ಮನೆ ಕೂರಲಿಲ್ಲ. ಸಂಸ್ಥಾನದ ಗಡಿಯ ಹೊರಗೆ ಹೋರಾಟಗಾರರು ಶಿಬಿರಗಳನ್ನು ಕಟ್ಟಿದರು. ಮುಂಡರಗಿಯ ಶಿಬಿರವನ್ನು ಅಳವಂಡಿಯ ಶಿವಮೂರ್ತಿಸ್ವಾಮಿಗಳು ನಡೆಸಿದರು. ಪುಂಡಲೀಕಪ್ಪ ಜ್ಞಾನಮೋಠೆ, ಸರದಾರರೆಂದೇ ಹೆಸರಾದ ಶರಣಗೌಡ ಇನಾಮದಾರ ಮೊದಲಾದವರು ಇದೇ ಹೋರಾಟದಲ್ಲಿ ಮುಂದೆ ನಿಂತವರು. ರಾತ್ರಿ ಗಡಿಯೊಳಗೆ ಬಂದು ಕರೋಡಗಿರಿ ನಾಕೆಗಳ ಮೇಲೆ, ಅಂದರೆ ಸುಂಕದ ಕಟ್ಟೆಗಳ ಮೇಲೆ, ಪೊಲೀಸ್ ಠಾಣೆಗಳ ಮೇಲೆ ಬಿದ್ದು, ಬೆಳಗಾಗುವುದರೊಳಗೆ ಹಿಂತಿರುಗುವುದು ಅವರ ರೀತಿ. ಮರಾಠವಾಡದ ಉಮರಿ ಎಂಬ ಊರಿನಲ್ಲಿ 1948ರ ಜನವರಿ 30ರಂದು ಬ್ಯಾಂಕಿನ ಖಜಾನೆಯನ್ನೇ ಹೋರಾಟಗಾರರು ಒಯ್ದರು. ಅದೇ ಸಂಜೆ ದೆಹಲಿಯಲ್ಲಿ ಗಾಂಧೀಜಿ ಗುಂಡಿಗೆ ಬಲಿಯಾದರು. ಬ್ಯಾಂಕಿನವನಾಗಿ ಉಮರಿಯ ಕಥೆ ಓದುವಾಗ ನನಗೆ ಆ ದಿನದ ಕ್ಯಾಷಿಯರನ ನೆನಪೇ ಮೊದಲು ಬರುತ್ತದೆ. ರೋಜುಪುಸ್ತಕದಲ್ಲಿ ಪಾಪ ಏನೆಂದು ಬರೆದನೋ!

ದುಡ್ಡಿನ ಮಾತು ಬಂತು, ಒಂದು ಸಂಗತಿ ಹೇಳಿಬಿಡುತ್ತೇನೆ. ನಿಜಾಮರ ನಾಣ್ಯವೇ ಬೇರೆ ಇತ್ತು. ಅದಕ್ಕೆ ಹಾಲಿ ಸಿಕ್ಕಾ ಎಂದು ಹೆಸರು. ಮೇಲೆ ಚಾರ್‌ಮಿನಾರಿನ ಚಿತ್ರ. ಬ್ರಿಟಿಷ್ ರೂಪಾಯಿಗೆ ನಮ್ಮವರು ಕಲ್ದಾರ್ ಎನ್ನುತ್ತಿದ್ದರು. ಏಳು ಹಾಲಿಗೆ ಆರು ಕಲ್ದಾರ್. ಈಚೆ ದಡದಲ್ಲಿ 42 ರೂಪಾಯಿ ಗಂಟು ಕಟ್ಟಿಕೊಂಡು ಹೊರಟ ಸಂಸಾರದ ಕೈಯಲ್ಲಿ ಆಚೆ ದಡದಲ್ಲಿ 36 ರೂಪಾಯಿ ಉಳಿಯುತ್ತಿತ್ತು. ಅದೂ ಬದಲಾಯಿಸಿ ಕೊಡುವವನು ನ್ಯಾಯವಂತನಾಗಿದ್ದರೆ. ಓಡಿಬಂದವರ ಹತ್ತಿರ ನ್ಯಾಯದ ದರದಲ್ಲಿ ವ್ಯವಹಾರ ಮಾಡುವವರು ಎಲ್ಲ ಕಾಲದಲ್ಲೂ ಕಡಿಮೆಯೇ. ನೂರು ಕಲ್ದಾರ್ ಬೇಕಾದರೆ ಎಷ್ಟು ಹಾಲಿ ಕೊಡಬೇಕು? 116 ರೂಪಾಯಿ 10 ಆಣೆ 8 ಪೈ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಎಂದು ಹಿಡಿದು ನೀವೇ ತಾಳೆ ನೋಡಿ. ತಾತನ ಸಹಾಯ ಪಡೆಯಬಹುದು, ಕ್ಯಾಲ್ಕುಲೇಟರಿನದು ಬೇಡ.

1948ರ ಸೆಪ್ಟೆಂಬರ್ 13, ಸೋಮವಾರ. ಸರ್ದಾರ್ ಪಟೇಲರು ಗೃಹಮಂತ್ರಿಗಳಾಗಿದ್ದಾಗ ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನದೊಳಗೆ ಬಂತು. ಮುಖ್ಯ ಪಡೆ ಸೊಲ್ಲಾಪುರದಿಂದ ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ನಾಯಕತ್ವದಲ್ಲಿ ಹೊರಟಿತು. ಇನ್ನೊಂದು ಪಡೆ ವಿಜಯವಾಡದ ಕಡೆಯಿಂದ. ನಮಗೆ ಹತ್ತಿರವಾದದ್ದು ಹೊಸಪೇಟೆ ಕಡೆಯಿಂದ ತುಂಗಭದ್ರೆಯನ್ನು ದಾಟಿ ಬಂದದ್ದು. ಐದನೆಯ ದಿನ, ಸೆಪ್ಟೆಂಬರ್ 17ರ ಸಂಜೆ, ನಿಜಾಮರು ರೇಡಿಯೋದಲ್ಲಿ ಸೋಲೊಪ್ಪಿದರು. ಸೈನ್ಯವೇ ಬಂದು ಮಾಡಿದ ಕೆಲಸವಾದರೂ ಅದಕ್ಕೆ ಪೊಲೀಸ್ ಕಾರ್ಯಾಚರಣೆ ಎಂದು ಹೆಸರು. ನಮ್ಮಜ್ಜಿಯ ಪಂಚಾಂಗ ಅಲ್ಲಿಂದಲೇ ಶುರು. “ನಿಮ್ಮ ಸೋದರತ್ತಿ ಪೊಲೀಸ್ ಆಕ್ಷನ್ ಆದ ವರ್ಷ ಹುಟ್ಟಿದಾಕಿ” ಎನ್ನುತ್ತಿದ್ದಳೇ ಹೊರತು ಇಸವಿ ಹೇಳುತ್ತಿರಲಿಲ್ಲ. ಕಚೇರಿಯ ಕಾಗದಗಳಲ್ಲಿ ಆಗ ಇದ್ದದ್ದು ಫಸಲಿ ವರ್ಷ. ಆ ಸೆಪ್ಟೆಂಬರ್ ಬಂದದ್ದು ಫಸಲಿ 1357ರಲ್ಲಿ. ಹೀಗಾಗಿ ನನ್ನ ಸೋದರತ್ತೆಯ ಜನ್ಮ ದಾಖಲೆಯನ್ನು ಬ್ಯಾಂಕಿನ ಖಾತೆಗೆ ಹೊಂದಿಸುವಾಗ 591 ಕೂಡಿಸಬೇಕಾಯಿತು.

ಬೀಸುವ ಕಲ್ಲಿನ ಕೆಳಗಿನ ಬಾವುಟವನ್ನು ಮಾರನೆಯ ದಿನ ತೆಗೆದಾಗ ಅದು ನಾಲ್ಕು ತುಂಡಾಗಿತ್ತು. ಅಂಬಲಿಯಲ್ಲಿ ಅಂಟಿಸಿ ತಲೆಬಾಗಿಲಿಗೆ ಹಚ್ಚಿದರಂತೆ. ಇಲಿ ತಿಂದುಹೋಯಿತು.

ಇಲ್ಲಿಗೆ ಕಥೆ ನಿಲ್ಲಿಸಿದರೆ ಹಬ್ಬದ ಲೇಖನವಾಗುತ್ತದೆ. ಆದರೆ ಹಿರಿಯರು ತಗ್ಗಿದ ದನಿಯಲ್ಲಿ ಹೇಳುವ ಇನ್ನೊಂದು ಭಾಗವಿದೆ. ನೀವು ಐದಾರನೇ ತರಗತಿ ದಾಟಿದ್ದರೆ ಅದನ್ನೂ ತಿಳಿಯುವ ವಯಸ್ಸು ಬಂದಿದೆ. ರಜಾಕಾರರು ಮಾಡಿದ್ದಕ್ಕೆ, ರಜಾಕಾರರಲ್ಲದ ಬಡ ಮುಸ್ಲಿಂ ಮನೆಗಳ ಮೇಲೆ ಸೇಡು ತೀರಿಸಿಕೊಂಡವರು ಇದ್ದರು. ಭಾರತ ಸರ್ಕಾರವೇ ಪಂಡಿತ ಸುಂದರಲಾಲರ ಸಮಿತಿಯನ್ನು ಕಳಿಸಿ ವಿಚಾರಿಸಿತು. ಇಡೀ ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತಿರಬಹುದೆಂದು ಸಮಿತಿ ಅಂದಾಜು ಮಾಡಿತು. ಆ ವರದಿ ಎಷ್ಟೋ ದಶಕ ಬೆಳಕು ಕಾಣಲಿಲ್ಲ. ಹೈದರಾಬಾದಿನಲ್ಲಿ ‘ಇಮ್ರೋಜ್’ ಎಂಬ ಉರ್ದು ಪತ್ರಿಕೆ ನಡೆಸುತ್ತಿದ್ದ ಶೋಯೆಬುಲ್ಲಾ ಖಾನ್, ಭಾರತದೊಡನೆ ಸೇರಬೇಕು ಎಂದು ಬರೆದದ್ದಕ್ಕೆ 1948ರ ಆಗಸ್ಟ್‌ನಲ್ಲಿ ಕೊಲೆಯಾದರು. ನಮ್ಮ ಸ್ವಾತಂತ್ರ್ಯಕ್ಕೆ ಸತ್ತವರ ಪಟ್ಟಿಯಲ್ಲಿ ಅವರ ಹೆಸರನ್ನು ನಾನು ಮೊದಲ ಸಾಲಿನಲ್ಲಿ ಬರೆಯುತ್ತೇನೆ.

ನಮ್ಮ ಓಣಿಯದೇ ಒಂದು ಮಾತು. ರಜಾಕಾರರ ಕಾಲದಲ್ಲಿ ನಮ್ಮ ಮನೆಯ ಎರಡು ಚೀಲ ಜೋಳ, ಅಜ್ಜಿಯ ಬೆಳ್ಳಿಯ ಡಾಬು ಉಳಿದದ್ದು ಪಕ್ಕದ ಹತ್ತಿ ಹಿಂಜುವವರ ಮನೆಯಲ್ಲಿ. ಅವರು ನಮಾಜು ಮಾಡುವವರು, ಹಾಗಾಗಿ ಅವರ ಮನೆಯನ್ನು ಯಾರೂ ತಡಕಲಿಲ್ಲ. ಸೆಪ್ಟೆಂಬರ್ ಕಳೆದ ಮೇಲೆ ಅದೇ ಮನೆಯ ಏಳು ಜನ ಹದಿನೈದು ದಿನ ನಮ್ಮ ಅಟ್ಟದ ಮೇಲಿದ್ದರು. ಕೇಳಲು ಬಂದವರಿಗೆ ಅಜ್ಜಿ, “ಒಳಗ ಬಾಣಂತಿ ಅದಾಳ, ಹೊರಗೇ ನಿಂದರ್ರಿ” ಎಂದಳಂತೆ. ಅದೂ ಸುಳ್ಳಲ್ಲ. ಸೋದರತ್ತೆ ಹುಟ್ಟಿ ಎಂಟೇ ದಿನವಾಗಿತ್ತು. ಆ ಬಾಣಂತಿ ಬೇರೆ ಯಾರೂ ಅಲ್ಲ, ಅವಳೇ.

ಈಗ ಸೆಪ್ಟೆಂಬರ್ 17ನ್ನು ಕಲ್ಯಾಣ ಕರ್ನಾಟಕ ಉತ್ಸವ ಎನ್ನುತ್ತಾರೆ. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕವಾಯಿತು. ಕಲಬುರಗಿಯಲ್ಲಿ ಮುಖ್ಯಮಂತ್ರಿಗಳು ಧ್ವಜ ಏರಿಸುತ್ತಾರೆ. ನಮ್ಮ ಶಾಲೆಗಳಲ್ಲೂ ಬಾವುಟ ಹಾರುತ್ತದೆ. ವರ್ಷಕ್ಕೆ ಎರಡು ಸಲ ಸ್ವಾತಂತ್ರ್ಯದ ಪೆಪ್ಪರಮಿಂಟು ತಿನ್ನುವ ಭಾಗ್ಯ ಬೆಂಗಳೂರು, ಮೈಸೂರಿನ ಮಕ್ಕಳಿಗಿಲ್ಲ. ಒಂದು ತಮಾಷೆಯೆಂದರೆ, 1947ರಲ್ಲೇ ಸ್ವತಂತ್ರವಾಗಿದ್ದ ಬಳ್ಳಾರಿಯೂ ಈಗ ಕಲ್ಯಾಣ ಕರ್ನಾಟಕದ ಲೆಕ್ಕಕ್ಕೆ ಸೇರಿದೆ. ನಾವು ಅವರ ಬಾವುಟ ನೋಡಲು ಹೊಳೆ ದಾಟಿದೆವು, ಅವರು ನಮ್ಮ ಹಬ್ಬಕ್ಕೆ ಬಂದರು.

ನಾನು ನೌಕರಿಗೆ ಸೇರಿದ ಕಾಲಕ್ಕೆ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಶುರುವಾಗಿತ್ತು. ಕೇಂದ್ರ ಸರ್ಕಾರ ಅದನ್ನು 1972ರ ಆಗಸ್ಟ್ 15ರಂದು, ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆ ಜಾರಿಗೆ ತಂದಿತು. ಸಾಮಾನ್ಯವಾಗಿ ಆರು ತಿಂಗಳು ಜೈಲಿನಲ್ಲಿದ್ದೆ ಎಂಬುದಕ್ಕೆ ಪುರಾವೆ ಬೇಕು, ಹೆಂಗಸರಿಗೆ ಮೂರು ತಿಂಗಳು. ನಿಯಮ ತಪ್ಪೆನ್ನಲಾರೆ; ದಾಖಲೆಯಿಲ್ಲದೆ ದುಡ್ಡು ಕೊಡಬಾರದು ಎಂಬ ಪಾಠದಲ್ಲೇ ನಾನು ಬೆಳೆದವನು. ಆದರೆ ಕತ್ತಲಲ್ಲಿ ಹೊಳೆ ದಾಟಿದವನಿಗೆ ರಸೀದಿ ಕೊಟ್ಟವರಾರು? ಶಿಬಿರದ ಹುಡುಗರಿಗೆ ರೊಟ್ಟಿ ಬುತ್ತಿ ಹೊತ್ತ ಹೆಂಗಸರ ಹೆಸರು ಯಾವ ಜೈಲಿನ ದಫ್ತರದಲ್ಲಿ ಇದ್ದೀತು? ಅಂಥವರು ನಮ್ಮ ಕೌಂಟರಿನ ಮುಂದೆ ಬಂದದ್ದೇ ಇಲ್ಲ. ಬಂದವರು ಕೆಲವರು ಮಾತ್ರ.

ಅವರಲ್ಲಿ ಒಬ್ಬ ಹಿರಿಯರು ಪ್ರತಿ ನವೆಂಬರಿನಲ್ಲಿ ಬದುಕಿದ್ದೇನೆಂಬ ಪ್ರಮಾಣಪತ್ರಕ್ಕೆ ಸಹಿ ಹಾಕಲು ಬರುತ್ತಿದ್ದರು. ಬಿಳಿ ಟೋಪಿ, ಮೊಳಕಾಲುದ್ದದ ಧೋತ್ರ, ಕೈಯಲ್ಲಿ ಛತ್ರಿ. ಸರದಿ ಬಿಟ್ಟು ಮುಂದೆ ಬನ್ನಿ ಎಂದರೆ ಬರುತ್ತಿರಲಿಲ್ಲ. “ಲೈನ್ ಅಂದರ ಲೈನ್ ತಮ್ಮಾ, ನಮ್ಮ ಸರ್ಕಾರ ಇದು” ಎನ್ನುತ್ತಿದ್ದರು. ಅವರು ಸಹಿ ಮಾಡುತ್ತಿದ್ದದ್ದು ಉರ್ದುವಿನಲ್ಲಿ. ಬಲದಿಂದ ಎಡಕ್ಕೆ, ನಿಧಾನವಾಗಿ, ಚುಕ್ಕೆಗಳನ್ನು ಕೊನೆಗೆ ಇಟ್ಟು. ಅವರ ಕಾಲದ ಸರ್ಕಾರಿ ಶಾಲೆಯಲ್ಲಿ ಕಲಿಸಿದ್ದು ಅದೊಂದೇ ಲಿಪಿ; ಕನ್ನಡ ಓದುವುದನ್ನು ಅವರು ಆಮೇಲೆ ಜೈಲಿನಲ್ಲಿ ಜೊತೆಗಾರರಿಂದ ಕಲಿತವರು. ಹೊಸದಾಗಿ ವರ್ಗವಾಗಿ ಬಂದ ಅಧಿಕಾರಿಯೊಬ್ಬರು ಒಮ್ಮೆ, “ನಿಜಾಮನ ವಿರುದ್ಧ ಹೋರಾಡಿದವರು ನೀವು, ಇನ್ನಾದರೂ ಕನ್ನಡದಲ್ಲಿ ಸಹಿ ಮಾಡಬಾರದೇ ಅಜ್ಜಾರ?” ಎಂದು ಕೇಳಿದರು.

ಹಿರಿಯರು ಚುಕ್ಕೆ ಇಡುವುದನ್ನು ಮುಗಿಸಿ ತಲೆಯೆತ್ತಿದರು. “ಜಗಳ ಇದ್ದದ್ದು ನಿಜಾಮನ ಕೂಡ ಸಾಹೇಬ್ರ, ಅಕ್ಷರದ ಕೂಡ ಅಲ್ಲ” ಎಂದು ಹೇಳಿ, ಪಾಸ್‌ಬುಕ್ಕನ್ನು ಛತ್ರಿಯ ಬಟ್ಟೆಯೊಳಗೆ ಸಿಕ್ಕಿಸಿಕೊಂಡು ಸಿಂಧನೂರಿನ ಬಿಸಿಲಿಗೆ ಇಳಿದು ಹೋದರು.