ಅಳಿಲು ಮರಿಯ ಜಮಾ-ಖರ್ಚು

ಕಳೆದ ಮಾರ್ಚಿನಲ್ಲಿ ನಮ್ಮ ಪಕ್ಕದ ಸೈಟಿನಲ್ಲಿ ಹಳೆಯ ತೆಂಗಿನ ಮರವೊಂದನ್ನು ಕಡಿದರು. ಸಂಜೆ ನೋಡಿದರೆ ಕಾಂಪೌಂಡಿನ ಬುಡದಲ್ಲಿ ನಾರಿನ ಗೂಡು, ಅದರೊಳಗೆ ಕಣ್ಣು ಬಿಡದ ಎರಡು ಅಳಿಲು ಮರಿಗಳು. ಹೆಬ್ಬೆರಳಿನಷ್ಟಿದ್ದರೂ ಬೆನ್ನಿನ ಮೂರು ಪಟ್ಟೆ ಆಗಲೇ ಮೂಡಿತ್ತು. (ಉತ್ತರ ಭಾರತದ ಅಳಿಲುಗಳಿಗೆ ಐದು ಪಟ್ಟೆ ಇರುತ್ತದೆ, ಮಕ್ಕಳೇ!) ಗೂಡನ್ನು ಗೋಡೆಯ ಮೇಲಿಟ್ಟು ಕತ್ತಲಾಗುವವರೆಗೂ ಕಾದೆವು. ತಾಯಿ ಬರಲಿಲ್ಲ.

ಆಮೇಲೆ ನಾನು ಮಾಡಿದ್ದು ತಪ್ಪು. ಬ್ಯಾಂಕಿನಲ್ಲಿ 35 ವರ್ಷ ಗುಮಾಸ್ತನಾಗಿದ್ದವನು, ಎರಡು ಸಲ ಎಣಿಸದೆ ಯಾರಿಗೂ ನೋಟು ಕೊಟ್ಟವನಲ್ಲ. ಆದರೆ ಅಂದು ಯಾರನ್ನೂ ಕೇಳದೆ ಹಸುವಿನ ಹಾಲು ಬಿಸಿ ಮಾಡಿ, ಇಂಕ್ ಫಿಲ್ಲರಿನಲ್ಲಿ ಎರಡಕ್ಕೂ ಕುಡಿಸಿಬಿಟ್ಟೆ. ಬೆಳಗ್ಗೆ ಚಿಕ್ಕದು ಸತ್ತಿತ್ತು. ದೊಡ್ಡದಕ್ಕೆ ಭೇದಿ, ಉಸಿರಾಡಿದರೆ ಮೂಗಿನಲ್ಲಿ ಹಾಲಿನ ಗುಳ್ಳೆ.

"ತಾತಾ, ಇದೂ ಸತ್ತೋಗುತ್ತಾ?" ಎಂದಳು ಮೊಮ್ಮಗಳು. ಉತ್ತರ ಹೊಳೆಯದೆ ಮರಿಯನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಪಶುವೈದ್ಯರ ಬಳಿಗೆ ಓಡಿದೆ.

ಅವರು ಬೈಯಲಿಲ್ಲ, ವಿವರಿಸಿದರು. ಹಸುವಿನ ಹಾಲು ಅಳಿಲಿನ ಹೊಟ್ಟೆಗೆ ಒಗ್ಗುವುದಿಲ್ಲ. ಮೈ ತಣ್ಣಗಿರುವಾಗ ಏನು ಕೊಟ್ಟರೂ ಅರಗುವುದಿಲ್ಲ. ಫಿಲ್ಲರ್ ಒತ್ತಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಮೊದಲು ಮೈ ಬೆಚ್ಚಗಾಗಲಿ, ಆಮೇಲೆ ಓಆರ್‌ಎಸ್ ನೀರು, ಭೇದಿ ನಿಂತ ಮೇಲೆ ನಾಯಿಮರಿಗೆ ಕೊಡುವ ಹಾಲಿನ ಪುಡಿ. ಎಲ್ಲವೂ ಸೂಜಿ ತೆಗೆದ ಸಣ್ಣ ಸಿರಿಂಜಿನಲ್ಲಿ, ಹನಿ ಹನಿಯಾಗಿ. ಜೊತೆಗೆ ಔಷಧಿ.

ಬೆಂಗಳೂರಿಗೆ ನೀರು ಕೊಡಲೆಂದು 1894ರಲ್ಲಿ ಕಟ್ಟಿದ ನಮ್ಮ ಹೆಸರಘಟ್ಟ ಕೆರೆಯ ಕಡೆಯಿಂದ ರಾತ್ರಿ ತಣ್ಣನೆ ಗಾಳಿ ಬೀಸುತ್ತದೆ. ಬೂಟಿನ ಡಬ್ಬಿಯಲ್ಲಿ ಹಳೆಯ ಪಂಚೆ ಹಾಸಿ, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟೆವು. ಮೂರು ಗಂಟೆಗೊಮ್ಮೆ ಆಹಾರ. ಪ್ರತಿ ಸಲವೂ ಒದ್ದೆ ಹತ್ತಿಯಿಂದ ಹೊಟ್ಟೆಯ ಕೆಳಗೆ ಮೆಲ್ಲಗೆ ಒರೆಸಬೇಕು. ತಾಯಿ ನೆಕ್ಕಿದ ಹಾಗೆ ಆಗದಿದ್ದರೆ ಇಷ್ಟು ಎಳೆಯ ಮರಿ ಉಚ್ಚೆ ಮಾಡುವುದಿಲ್ಲ. ಹಳೆಯ ಡೈರಿಯಲ್ಲಿ ಎರಡು ಕಾಲಂ ಎಳೆದೆ: ಎಡಕ್ಕೆ ಹಾಲು ಜಮಾ, ಬಲಕ್ಕೆ ಉಚ್ಚೆ ಖರ್ಚು. ಮೊಮ್ಮಗಳು ಬಿದ್ದೂ ಬಿದ್ದೂ ನಕ್ಕಳು.

"ನಿಮ್ಮ ಸ್ವಂತ ಮಕ್ಕಳಿಗೆ ಒಂದು ರಾತ್ರಿ ಎದ್ದವರಲ್ಲ ನೀವು," ಎಂದಳು ನನ್ನವಳು, ಬಾಟಲಿಯ ನೀರು ಬದಲಿಸುತ್ತಾ. ನಿಜವೇ. ಆಗ ನನಗೆ ಅರ್ಧವಾರ್ಷಿಕ ಲೆಕ್ಕದ ನೆಪವಿತ್ತು.

ಎರಡನೆಯ ರಾತ್ರಿ ಅದರ ಉಸಿರು ಟಿಕ್ ಟಿಕ್ ಎನ್ನುತ್ತಿತ್ತು. ಕಿವಿಗೆ ಹಿಡಿದುಕೊಂಡೇ ಕುರ್ಚಿಯಲ್ಲಿ ಬೆಳಗು ಮಾಡಿದೆ. ನಾಲ್ಕನೆಯ ದಿನ ಸದ್ದು ನಿಂತಿತು. ಎಂಟನೆಯ ದಿನ ಒಂದು ಕಣ್ಣು ಬಿಟ್ಟಿತು, ಮರುದಿನ ಇನ್ನೊಂದು. ನನ್ನ ಬನಿಯನ್ ಹತ್ತಿ ಕೂರಲು ಶುರುಮಾಡಿತು.

ಕಾಡುಜೀವಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದು ವೈದ್ಯರು ಮೊದಲೇ ಹೇಳಿದ್ದರು. ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಗೆ ಒಯ್ದು ಒಪ್ಪಿಸಿದೆವು. ದಾರಿಯುದ್ದಕ್ಕೂ ಡಬ್ಬಿ ಮೊಮ್ಮಗಳ ಮಡಿಲಲ್ಲೇ ಇತ್ತು. ಹಿಂತಿರುಗುವಾಗ ಅವಳು ಮಾತಾಡಲಿಲ್ಲ.

ರಾತ್ರಿ ಡೈರಿ ತೆಗೆದು ಲೆಕ್ಕ ಮುಚ್ಚುತ್ತಿದ್ದೆ. ಅವಳು ಬಂದು ಪುಟ ತಿರುವಿ ನೋಡಿದಳು. "ತಾತಾ, ಚಿಕ್ಕದರದ್ದು ಬರೆದೇ ಇಲ್ವಲ್ಲ?"

ಮೊದಲ ಪುಟದ ಮೇಲ್ಗಡೆ ಜಾಗವಿತ್ತು. ಬರೆದೆ: ಹಸುವಿನ ಹಾಲು, ಒಂದು ಫಿಲ್ಲರ್.