ಸೆಕೆಂಡ್ ಬೇಸ್‌ನಲ್ಲಿ ಯಾರು?

ನಮ್ಮ ಮನೆಯಲ್ಲಿ ಫಜ್ರ್ ನಮಾಜ್ ಮುಗಿಯುವ ಹೊತ್ತಿಗೆ ಅಮೆರಿಕದ ಹ್ಯೂಸ್ಟನ್‌ನಲ್ಲಿ ಹಿಂದಿನ ದಿನದ ಸಂಜೆ ಏಳು ಗಂಟೆ. ಮಾಮು ಕೆಲಸ ಮುಗಿಸಿ ಬಂದು ಅಮ್ಮಿಗೆ ವಿಡಿಯೋ ಕಾಲ್ ಮಾಡುವುದು ಆಗಲೇ. ಅವರು ಅಲ್ಲಿ ಒಂದು ಗೋದಾಮಿನ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಅವರ ಹಿಂದೆ ಟಿ.ವಿ.ಯಲ್ಲಿ ಬೇಸ್‌ಬಾಲ್ ನಡೆಯುತ್ತಿರುತ್ತದೆ. "ಖಾನಾ ಖಾಯಾ ಕ್ಯಾ?" ಎಂದು ಅಮ್ಮಿ ಕೇಳಿ ಮುಗಿಸಿದ ಮೇಲೆ ಫೋನ್ ನನ್ನ ಕೈಗೆ ಬರುತ್ತದೆ. ಆಮೇಲೆ ಶುರುವಾಗುವುದು ಒಂದೇ ಜಗಳ: ಹ್ಯೂಸ್ಟನ್ ಆಸ್ಟ್ರೋಸ್ ತಂಡದ ಇತಿಹಾಸದಲ್ಲಿ ಅತ್ಯುತ್ತಮ ಸೆಕೆಂಡ್ ಬೇಸ್‌ಮನ್ ಯಾರು?

ನಮ್ಮ ಕ್ಲಾಸಿನವರಿಗೆ ಇದನ್ನು ಹೇಳಿದಾಗ ನಕ್ಕರು. ಅವರಿಗಾಗಿ ಸ್ವಲ್ಪ ವಿವರ. ಬೇಸ್‌ಬಾಲ್‌ನಲ್ಲಿ ಚೌಕದ ನಾಲ್ಕು ಮೂಲೆಗಳಲ್ಲಿ ನಾಲ್ಕು ಬೇಸ್. ಚೆಂಡು ಹೊಡೆದವನು ಅವುಗಳನ್ನು ಸುತ್ತಿ ಬಂದರೆ ಒಂದು ರನ್. ಮೊದಲ ಮತ್ತು ಎರಡನೇ ಬೇಸ್‌ಗಳ ನಡುವೆ ನಿಲ್ಲುವವನೇ ಸೆಕೆಂಡ್ ಬೇಸ್‌ಮನ್. ಎಡಗಡೆಯಿಂದ ಬಂದ ಚೆಂಡನ್ನು ಹಿಡಿದು, ಬೇಸ್ ತುಳಿದು, ಹಾಗೇ ತಿರುಗಿ ಮೊದಲ ಬೇಸ್‌ಗೆ ಎಸೆಯಬೇಕು. ಅಷ್ಟರಲ್ಲಿ ಎದುರಾಳಿಯ ಓಟಗಾರ ಅವನ ಕಾಲಿನತ್ತಲೇ ಜಾರಿ ಬರುತ್ತಿರುತ್ತಾನೆ. ಒಂದೇ ಎಸೆತಕ್ಕೆ ಇಬ್ಬರು ಔಟ್. ನಮ್ಮ ಕ್ರಿಕೆಟ್‌ನಲ್ಲಿ ಇಂಥದ್ದಿಲ್ಲ.

ನನ್ನ ಆಯ್ಕೆ ಕ್ರೇಗ್ ಬಿಜಿಯೊ. 1988ರಿಂದ 2007ರವರೆಗೆ 20 ವರ್ಷ ಒಂದೇ ತಂಡ. ಮೊದಲು ಕ್ಯಾಚರ್, ಅಂದರೆ ಹೆಚ್ಚುಕಡಿಮೆ ನಮ್ಮ ವಿಕೆಟ್ ಕೀಪರ್. 1992ರಲ್ಲಿ ತಂಡದವರು ಸೆಕೆಂಡ್ ಬೇಸ್‌ಗೆ ಬಾ ಎಂದರು, ಬಂದ. 2003ರಲ್ಲಿ ಜೆಫ್ ಕೆಂಟ್‌ಗೆ ಜಾಗ ಬಿಟ್ಟುಕೊಟ್ಟು ದೂರದ ಮೈದಾನಕ್ಕೆ ಹೋಗು ಎಂದರು, ಹೋದ. ಕೆಂಟ್ ತಂಡ ಬಿಟ್ಟ ಮೇಲೆ ಮತ್ತೆ ಸೆಕೆಂಡ್ ಬೇಸ್‌ಗೆ ಬಂದ. ಒಟ್ಟು 3,060 ಹಿಟ್. ಚೆಂಡು ಮೈಗೆ ಬಿದ್ದರೆ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆ ಸಿಗುತ್ತದೆ. ಬಿಜಿಯೊಗೆ ಹಾಗೆ ಬಿದ್ದದ್ದು 285 ಬಾರಿ! ನನಗೆ ಅವನು ಇಷ್ಟವಾದದ್ದು ಮಾತ್ರ ಮೂರು ಸಾವಿರದ ಹಿಟ್ ನೋಡಿ. ಆ ಹಿಟ್‌ಗೆ ಮೊದಲ ಬೇಸ್‌ನಲ್ಲೇ ನಿಂತು ಕೈ ಬೀಸಬಹುದಿತ್ತು. ಅವನು ಎರಡನೆಯದಕ್ಕೂ ಓಡಿ ಔಟಾದ. ಆಮೇಲೇ ಸಂಭ್ರಮ.

ಮಾಮು ಆಯ್ಕೆ ಹೋಸೆ ಆಲ್ಟುವೆ. ವೆನೆಜುವೆಲಾದ ಹುಡುಗ, ಎತ್ತರ 5 ಅಡಿ 6 ಇಂಚು. ಆಯ್ಕೆ ಶಿಬಿರದಿಂದ "ಗಿಡ್ಡ" ಎಂದು ವಾಪಸ್ ಕಳಿಸಿದರೆ, ಮರುದಿನ ಜನನ ಪ್ರಮಾಣಪತ್ರ ಹಿಡಿದುಕೊಂಡು ಮತ್ತೆ ಹೋದ. 15,000 ಡಾಲರಿಗೆ ಸಹಿ ಹಾಕಿದ ಅವನು 2014ರಿಂದ 2017ರವರೆಗೆ ನಾಲ್ಕು ವರ್ಷವೂ ವರ್ಷಕ್ಕೆ ಕನಿಷ್ಠ 200 ಹಿಟ್ ಹೊಡೆದ. 2017ರಲ್ಲಿ ತನ್ನ ಲೀಗಿನ ಅತ್ಯಮೂಲ್ಯ ಆಟಗಾರ. ಅದೇ ವರ್ಷ ತಂಡ ಮೊದಲ ಬಾರಿಗೆ ವರ್ಲ್ಡ್ ಸೀರೀಸ್ ಗೆದ್ದಿತು. ಬಿಜಿಯೊಗೆ ಆ ಕಪ್ ಸಿಗಲೇ ಇಲ್ಲ. "ನಿನ್ನ ಹೈಟ್‌ಗೆ ನೀನು ನನ್ನ ಪಾರ್ಟಿಯಲ್ಲಿರಬೇಕಿತ್ತು ಬೇಟಾ" ಎನ್ನುತ್ತಾರೆ ಮಾಮು. (ನಾನು 5 ಅಡಿ 4.)

ಜೋ ಮಾರ್ಗನ್ ಎಂಬ ಮೂರನೆಯವನೂ ಇದ್ದಾನೆ. 1971ರ ಕೊನೆಗೆ ಅವನನ್ನು ಸಿನ್ಸಿನಾಟಿಗೆ ಬಿಟ್ಟುಕೊಟ್ಟರು. ಅಲ್ಲಿ 1975 ಮತ್ತು 1976ರಲ್ಲಿ ಅತ್ಯಮೂಲ್ಯ ಆಟಗಾರನಾದ. ಬೇರೆಯವರ ಖಾತೆಗೆ ಜಮಾ ಆದ ಲಾಭವನ್ನು ನಮ್ಮ ಪುಸ್ತಕದಲ್ಲಿ ಹೇಗೆ ಬರೆಯುವುದು?

ಇಲ್ಲಿಯವರೆಗೆ ನಗುನಗುತ್ತಲೇ ನಡೆದಿತ್ತು. ಆಮೇಲೆ ಕಸದ ಡಬ್ಬಿಯ ವಿಷಯ ಬಂತು.

2017ರಲ್ಲಿ ಆಸ್ಟ್ರೋಸ್ ಆಟಗಾರರು ತಮ್ಮ ಮೈದಾನದಲ್ಲಿ ಕ್ಯಾಮೆರಾ ಮೂಲಕ ಎದುರಾಳಿ ಕ್ಯಾಚರ್‌ನ ಸನ್ನೆಗಳನ್ನು ನೋಡಿ, ತಿರುಗುವ ಎಸೆತ ಬರುವುದಿದ್ದರೆ ಕಸದ ಡಬ್ಬಿ ಬಡಿದು ಬ್ಯಾಟರ್‌ಗೆ ತಿಳಿಸುತ್ತಿದ್ದರು. ಸದ್ದಿಲ್ಲದಿದ್ದರೆ ವೇಗದ ಎಸೆತ. ಇದು ಹೊರಬಂದ ಮೇಲೆ 2020ರ ಜನವರಿಯಲ್ಲಿ ತಂಡಕ್ಕೆ 50 ಲಕ್ಷ ಡಾಲರ್ ದಂಡ ಬಿತ್ತು. ಮ್ಯಾನೇಜರ್ ಮತ್ತು ಜನರಲ್ ಮ್ಯಾನೇಜರ್ ಒಂದು ವರ್ಷ ಅಮಾನತಾದರು. ಆಟಗಾರರಿಗೆ ಶಿಕ್ಷೆಯಾಗಲಿಲ್ಲ, ಕಪ್ ಕೂಡ ಹಾಗೇ ಉಳಿಯಿತು.

ಮಾಮು ಲೆಕ್ಕದ ಮನುಷ್ಯ, ಸುಮ್ಮನಿರಲಿಲ್ಲ. "ಆ ವರ್ಷ ಆಲ್ಟುವೆಯ ಸರಾಸರಿ ಮನೆಯ ಮೈದಾನದಲ್ಲಿ .311, ಹೊರಗಡೆ .381. ಡಬ್ಬಿ ಇದ್ದದ್ದು ಎಲ್ಲಿ? ಮನೆಯಲ್ಲಿ. ಅವನು ಡಬ್ಬಿ ಬಡಿಯಬೇಡಿ ಎನ್ನುತ್ತಿದ್ದನಂತೆ, ಜೊತೆಗಾರರೇ ಹೇಳಿದ್ದಾರೆ."

ನಾನು ಪಾಲುದಾರಿಕೆ ಪಾಠ ತೆಗೆದೆ. ಪಾಲುದಾರಿಕೆ ಸಂಸ್ಥೆಯ ಸಾಲಕ್ಕೆ ಎಲ್ಲ ಪಾಲುದಾರರೂ ಹೊಣೆ. ನಾನು ಮುಟ್ಟಲಿಲ್ಲ ಎಂದರೆ ನಡೆಯುವುದಿಲ್ಲ. ಆಲ್ಟುವೆಗೆ ಗೊತ್ತಿತ್ತು. ಗೊತ್ತಿದ್ದೂ ಉಂಗುರ ತೊಟ್ಟ. ಆಮೇಲೆ ಮೈಕ್ ಬೋಲ್ಸಿಂಗರ್ ಹೆಸರು ಹೇಳಿದೆ. ಟೊರಾಂಟೊ ತಂಡದ ಪಿಚರ್. 2017ರ ಆಗಸ್ಟ್ 4ರಂದು ಹ್ಯೂಸ್ಟನ್‌ನಲ್ಲಿ ಒಬ್ಬನನ್ನು ಮಾತ್ರ ಔಟ್ ಮಾಡಿ ನಾಲ್ಕು ರನ್ ಕೊಟ್ಟ. ಮತ್ತೆಂದೂ ಮೇಜರ್ ಲೀಗ್‌ನಲ್ಲಿ ಎಸೆಯಲಿಲ್ಲ. "ಅವನ ನಷ್ಟ ಯಾರ ಖಾತೆಗೆ, ಮಾಮು?"

ಮಾಮು ಬಹಳ ಹೊತ್ತು ಮಾತಾಡಲಿಲ್ಲ. ನಾನು ಗೆದ್ದೆ ಎಂದುಕೊಂಡೆ. ಆದರೆ ಫೋನಿಟ್ಟ ಮೇಲೆ ಹೊಟ್ಟೆಯಲ್ಲಿ ಏನೋ ಸಂಕಟ. ಚಹಾ ಕೂಡ ಸೇರಲಿಲ್ಲ.

ಹತ್ತನೇ ತರಗತಿಯಲ್ಲಿ ನಮಗೂ ಒಂದು ಡಬ್ಬಿ ಇತ್ತು. ಒಂದು ಕೆಮ್ಮು ಅಂದರೆ ಎ, ಎರಡು ಅಂದರೆ ಬಿ. ಹಿಂದಿನ ಬೆಂಚಿನಲ್ಲಿ ಶುರುವಾಗಿ ಇಡೀ ಕೋಣೆಗೆ ತಲುಪುತ್ತಿತ್ತು. ನಾನು ಕೆಮ್ಮಲಿಲ್ಲ, ಕೇಳಿ ಬರೆಯಲೂ ಇಲ್ಲ. ಓದಿಕೊಂಡೇ ಹೋಗಿದ್ದೆ, 20ಕ್ಕೆ 19 ಬಂತು. ಹೊರಗಡೆಯ .381, ಮಾಮು ಲೆಕ್ಕದಲ್ಲಿ. ಆದರೆ ಆ ದಿನ ಸಿಕ್ಕಿಬಿದ್ದವನು ಗುಂಪಿನವನಲ್ಲ. ನನ್ನ ಪಕ್ಕದಲ್ಲಿ ಕೂತಿದ್ದ ಅವನಿಗೆ ನಿಜವಾಗಿಯೂ ನೆಗಡಿ, ಎರಡು ದಿನದಿಂದ. ಅವನ ಪೇಪರಿಗೆ ಸೊನ್ನೆ ಬಿತ್ತು, ಅವನ ಅಬ್ಬಾ ಕೆಲಸ ಬಿಟ್ಟು ಶಾಲೆಗೆ ಬಂದು ನಿಂತರು. "ಇವನಲ್ಲ ಸರ್" ಎಂದು ನಾನು ಹೇಳಬಹುದಿತ್ತು. ನಲವತ್ತು ಜನ ಹೇಳಬಹುದಿತ್ತು, ನಿಜ. ಪಕ್ಕದಲ್ಲಿದ್ದವನು ನಾನು.

ಮರುದಿನ ಬೆಳಿಗ್ಗೆ ಇದನ್ನು ಮಾಮುಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. "ಅವನಿಗೆ ಹೇಳಿದೆಯಾ?" ಎಂದಷ್ಟೇ ಕೇಳಿದರು. ಇಲ್ಲ ಎಂದೆ. ಅವರ ಹಿಂದೆ ಟಿ.ವಿ.ಯಲ್ಲಿ ಆಲ್ಟುವೆ ಬ್ಯಾಟ್ ಹಿಡಿದು ಬಂದ. ಇಬ್ಬರೂ ಸುಮ್ಮನೆ ನೋಡಿದೆವು. ನಾನೀಗಲೂ ಬಿಜಿಯೊ ಪಾರ್ಟಿಯೇ, ಆದರೆ ಮೊದಲಿನಷ್ಟು ಜೋರಾಗಿ ವಾದಿಸಲು ಆಗುತ್ತಿಲ್ಲ.

ಆ ಹುಡುಗ ಈಗ ಬೇರೆ ಕಾಲೇಜಿನಲ್ಲಿ ಸೈನ್ಸ್ ಓದುತ್ತಿದ್ದಾನೆ. ಬಸ್ಸಿನಲ್ಲಿ ಸಿಕ್ಕರೆ "ಕ್ಯಾ ಭೈ" ಎಂದು ಜಾಗ ಕೊಡುತ್ತಾನೆ. ನಮ್ಮ ಈ ಪತ್ರಿಕೆ ಅವನ ಕಾಲೇಜಿಗೆ ಹೋಗುವುದಿಲ್ಲ. ಸಂಪಾದಕ ಸರ್ ಹತ್ತಿರ ಒಂದು ಪ್ರತಿ ಹೆಚ್ಚಿಗೆ ಕೇಳಿದ್ದೇನೆ.