ಉಂಗುರಕ್ಕೊಂದು ವಜ್ರ

ನಮ್ಮ ಸೀಮೆಯಲ್ಲಿ ನಿಶ್ಚಿತಾರ್ಥವೆಂದರೆ ಫಲತಾಂಬೂಲಗಳ ವಿನಿಮಯ, ಲಗ್ನಪತ್ರಿಕೆಯ ವಾಚನ, ಕನ್ಯೆಗೊಂದು ಸೀರೆ, ಇಷ್ಟೇ ಆಗಿದ್ದಿತು. ಉಂಗುರವು ಈಚಿನ ಸೇರ್ಪಡೆ. ಅದರಲ್ಲಿ ವಜ್ರವಿರಬೇಕೆಂಬ ನಿಯಮವು ಇನ್ನೂ ಈಚಿನದು. ನಮ್ಮ ಹೆಂಗಸರಿಗೆ ವಜ್ರವೇನೂ ಅಪರಿಚಿತವಲ್ಲ. ಏಳು ಕಲ್ಲಿನ ಓಲೆಯನ್ನೂ ಮೂಗುಬಟ್ಟನ್ನೂ ತೋರಿಸಿ ‘ಇದು ಬ್ಲೂ ಜಾಗರ್’ ಎಂದು ಹೇಳಿಕೊಳ್ಳುತ್ತಿದ್ದ ಅಜ್ಜಿಯರನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಆ ಹೆಸರು ದಕ್ಷಿಣ ಆಫ್ರಿಕದ ಯಾಗರ್ಸ್‌ಫಾಂಟೈನ್ ಗಣಿಯಿಂದ ಬಂದದ್ದು. ಆದರೆ ವಿವಾಹದ ಮಾತಿಗೂ ವಜ್ರದ ಉಂಗುರಕ್ಕೂ ಗಂಟು ಬಿಗಿದದ್ದು ವ್ಯಾಪಾರಿಗಳ ಜಾಣ್ಮೆ. ವಜ್ರವು ಶಾಶ್ವತವೆಂಬ ಘೋಷವಾಕ್ಯವನ್ನು ಡಿ ಬಿಯರ್ಸ್ ಕಂಪನಿಗಾಗಿ ಫ್ರಾನ್ಸಿಸ್ ಗೆರೆಟಿ ಎಂಬ ಅಮೆರಿಕದ ಮಹಿಳೆ ರಚಿಸಿದ್ದು 1947ರಲ್ಲಿ.

ವೈಟ್‌ಫೀಲ್ಡಿನ ಒಂದು ಕಚೇರಿಯಲ್ಲಿ ಕೆಲಸಮಾಡುವ ನಮ್ಮ ಮಗನಿಗೆ ಸಂಬಂಧ ನಿಶ್ಚಯವಾದಾಗ ಈ ವಜ್ರದ ಪ್ರಶ್ನೆ ನಮ್ಮ ಮನೆಯನ್ನೂ ಹೊಕ್ಕಿತು. ಮೂರು ಪಕ್ಷಗಳಾದುವು. ಗಣಿಯ ವಜ್ರವೇ ಆಗಬೇಕು, ತೂಕ ಒಂದು ಕ್ಯಾರೆಟ್ಟಿಗೆ ಕಡಿಮೆಯಿರಕೂಡದು, ಕೈಯಲ್ಲಿ ಹಣವಿಲ್ಲದಿದ್ದರೆ ಕಂತಿನ ಸಾಲವಾದರೂ ಆಗಲಿ ಎಂಬುದು ನನ್ನ ಅಕ್ಕನ ವಾದ. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ ಸಾಕೆಂಬುದು ಮಗನ ಇಷ್ಟ. ಮಗನ ಇಷ್ಟದಂತೆಯೇ ಆಗಲಿ, ಆದರೆ ಬೀಗರಿಗೆ ಹೇಳುವುದು ಬೇಡ ಎಂಬುದು ನನ್ನ ಮನೆಯಾಕೆಯ ಮತ. ಜೀವಮಾನವೆಲ್ಲ ಸಂಸ್ಕೃತವನ್ನು ಪಾಠ ಹೇಳಿದವನೆಂದು ತೀರ್ಪನ್ನು ನನಗೆ ಬಿಟ್ಟರು.

ರತ್ನಪರೀಕ್ಷೆಯು ನಮ್ಮಲ್ಲಿ ಪ್ರಾಚೀನವಾದ ಶಾಸ್ತ್ರ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿಯೂ ಅದರ ಪ್ರಕರಣಗಳಿವೆ. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವು ರಾಜಕೋಶವನ್ನು ಹೇಳುವಾಗ ರತ್ನಗಳನ್ನೂ ವಿವರಿಸುತ್ತದೆ. 18ನೆಯ ಶತಮಾನದಲ್ಲಿ ಬ್ರೆಜಿಲಿನ ವಜ್ರ ಪೇಟೆಗೆ ಬರುವವರೆಗೆ ಲೋಕಕ್ಕೆ ವಜ್ರವನ್ನು ಒದಗಿಸುತ್ತಿದ್ದುದು ಬಹುಮಟ್ಟಿಗೆ ನಮ್ಮ ದೇಶವೇ ಆದುದರಿಂದ ಇದು ಆಶ್ಚರ್ಯವಲ್ಲ. ಆರು ಕೋನ, ಎಂಟು ಮುಖ, ಹನ್ನೆರಡು ಅಂಚುಗಳುಳ್ಳ ವಜ್ರವೇ ಉತ್ತಮವೆಂಬ ಲಕ್ಷಣವು ಸಹಜ ವಜ್ರಸ್ಫಟಿಕದ ಆಕೃತಿಗೆ ಸರಿಯಾಗಿ ಹೊಂದುತ್ತದೆ. ಮಲ, ಬಿಂದು, ರೇಖೆ, ಯವ, ಕಾಕಪದಗಳೆಂದು ಎಣಿಸಿರುವ ದೋಷಗಳನ್ನು ಇಂದಿನ ಪರೀಕ್ಷಕರೂ ಭೂತಗನ್ನಡಿಯಲ್ಲಿ ಹುಡುಕುತ್ತಾರೆ. ಆದರೆ ಉತ್ತಮ ವಜ್ರವು ನೀರಿನಲ್ಲಿ ತೇಲುವುದೆಂಬ ಮಾತನ್ನು ಒಪ್ಪುವಂತಿಲ್ಲ. ಅದು ನೀರಿನ ಮೂರೂವರೆಪಟ್ಟು ಭಾರ. ಸುತ್ತಿಗೆಯ ಪೆಟ್ಟಿಗೆ ಒಡೆಯದೆಂಬುದೂ ಹಾಗೆಯೇ. ವಜ್ರವನ್ನು ಗೀಚುವುದು ಕಷ್ಟ, ಸೀಳುವುದು ಸುಲಭ.

ಇನ್ನು ಈಗಿನ ಲೆಕ್ಕ. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ. ಅದರ ನೂರನೆಯ ಒಂದು ಪಾಲು ಸೆಂಟ್. ಚಿನ್ನದ ಕ್ಯಾರೆಟ್ಟಾದರೋ ಶುದ್ಧಿಯ ಅಳತೆ, ತೂಕದ್ದಲ್ಲ. ವಜ್ರ ಕೂರಿಸುವ ಉಂಗುರಕ್ಕೆ ಸಾಮಾನ್ಯವಾಗಿ ಗಟ್ಟಿಯಾದ 18 ಕ್ಯಾರೆಟ್ ಚಿನ್ನವನ್ನೇ ಬಳಸುವರು. ಅದರ ಮೇಲೆ 750 ಎಂಬ ಅಂಕಿಯಿರುತ್ತದೆ. ತೂಕ, ಬಣ್ಣ, ನೈರ್ಮಲ್ಯ, ಕಡಿತ ಎಂಬ ನಾಲ್ಕರಲ್ಲಿ ಕಣ್ಣಿಗೆ ಹೆಚ್ಚು ಫಲ ಕೊಡತಕ್ಕದ್ದು ಕಡಿತ. ಕಡಿತವು ಅತಿ ಆಳವಾದರೆ ಅಥವಾ ಅತಿ ಚಪ್ಪಟೆಯಾದರೆ ಬೆಳಕು ಕೆಳಗಡೆಯಿಂದ ಸೋರಿಹೋಗುತ್ತದೆ. ಚೆನ್ನಾಗಿ ಕಡಿದ ಅರ್ಧ ಕ್ಯಾರೆಟ್ಟಿನ ಕಲ್ಲು, ಕೆಟ್ಟದಾಗಿ ಕಡಿದ ದೊಡ್ಡ ಕಲ್ಲಿಗಿಂತ ಪ್ರಕಾಶಮಾನವಾಗಿ ತೋರುವುದುಂಟು. ಅಕ್ಕನ ತೂಕದ ವಾದಕ್ಕೆ ನನ್ನ ಮೊದಲ ಉತ್ತರ ಇದೇ.

ಪ್ರಯೋಗಾಲಯದ ವಜ್ರವೆಂದರೆ ಗಾಜೆಂದು ಆಕೆ ತಿಳಿದಿದ್ದಳು. ಅದು ಗಾಜಲ್ಲ, ಗಣಿಯದರಂತೆಯೇ ಇಂಗಾಲದ ಹರಳು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಜ್ಞಾನಿಗಳು 1954ರಲ್ಲಿ ಇದನ್ನು ತಯಾರಿಸಿ ಮರುವರ್ಷ ಪ್ರಕಟಪಡಿಸಿದರು. ನಮ್ಮ ಬೆಂಗಳೂರಿನ ಸುತ್ತಲೂ ಅದು ಬಹುಕಾಲದಿಂದ ದುಡಿಯುತ್ತಿದೆ. ಜಿಗಣಿಯ ಕಾರ್ಖಾನೆಗಳಲ್ಲಿ ಗ್ರಾನೈಟ್ ಬಂಡೆಯನ್ನು ಸೀಳುವ ಗರಗಸದ ಹಲ್ಲಿನಲ್ಲಿಯೂ, ಪೀಣ್ಯದಲ್ಲಿ ಗಡಸು ಉಪಕರಣಗಳನ್ನು ಮಸೆಯುವ ಚಕ್ರದಲ್ಲಿಯೂ ಇರುವುದು ವಜ್ರದ ಹುಡಿ. ‘ನಿನ್ನ ಅಡುಗೆಮನೆಯ ಕರಿಕಲ್ಲಿನ ಕಟ್ಟೆಯನ್ನು ಕೊಯ್ದದ್ದು ವಜ್ರವೇ ಅಕ್ಕಾ’ ಎಂದೆನು. ಆದರೂ ಮಗನಿಗೆ ಒಂದು ಮಾತನ್ನು ಹೇಳಬೇಕಾಯಿತು: ಬೆಳೆಸಿದ ವಜ್ರದ ಬೆಲೆ ಕೆಲವು ವರ್ಷಗಳಿಂದ ಇಳಿಯುತ್ತ ಬಂದಿದೆ; ಗಣಿಯ ವಜ್ರವನ್ನು ಮಾರಹೋದರೂ ಕೊಟ್ಟ ಹಣ ಬರುವುದು ದುರ್ಲಭ. ಆದಕಾರಣ ಇವೆರಡರಲ್ಲಿ ಯಾವುದನ್ನೂ ಆಸ್ತಿಯೆಂದು ಭಾವಿಸಲಾಗದು. ಸಾಲ ಮಾಡಿ ಕೊಳ್ಳತಕ್ಕದ್ದೂ ಅಲ್ಲ.

ಉಳಿದದ್ದು ಮನೆಯಾಕೆಯ ಮಾತು. ಬರಿಗಣ್ಣಿಗೆ ಎರಡರ ಭೇದ ಕಾಣದೆಂಬುದು ನಿಜ. ಅದಕ್ಕೆ ಯಂತ್ರ ಬೇಕು. ‘ಕಾಣದ ಮೇಲೆ ಹೇಳುವುದೇಕೆ? ಹುಡುಗನ ಕಡೆಯವರು ಕೈಬಿಗಿಯೆಂದು ಆಡಿಕೊಳ್ಳಲಿ ಎಂದೇ?’ ಎಂದಳು. ತನ್ನ ಮದುವೆಯಲ್ಲಿ ಸರವು ತೆಳುವಾಯಿತೆಂದು ನೆಂಟರಾಡಿದ ಮಾತನ್ನು ಆಕೆ ಇಂದಿಗೂ ಮರೆತಿಲ್ಲ. ಆ ಭಯವನ್ನು ನಾನು ಹಗುರವಾಗಿ ಎಣಿಸಲಿಲ್ಲ. ಆದರೂ, ಕಲ್ಲನ್ನು ಆರಿಸುವುದು ದುಡಿಯುವ ಮಗನಿಗೆ ಸೇರಿದ್ದು, ಅದು ಎಂತಹುದೆಂದು ಮೊದಲೇ ತಿಳಿಸುವುದು ನಮ್ಮೆಲ್ಲರ ಧರ್ಮ ಎಂದೆನು. ಎರಡು ದಿನ ಆಕೆ ಹೆಚ್ಚು ಮಾತನಾಡಲಿಲ್ಲ. ಮೂರನೆಯ ದಿನ ತಾನೇ ಬೀಗಿತಿಗೆ ಫೋನು ಮಾಡಿ ಹೇಳಿದಳು. ‘ನಮ್ಮವರನ್ನು ಕೇಳಿ ಹೇಳುತ್ತೇನೆ’ ಎಂಬ ಉತ್ತರ ಬಂದಿತು. ಆ ವಾರ ನಮಗೆ ನೆಮ್ಮದಿಯಿರಲಿಲ್ಲ.

ಭಾನುವಾರ ಬೀಗರು ಮನೆಗೆ ಬಂದರು. ಕಾಫಿಯಾದ ಮೇಲೆ ಪರೀಕ್ಷಾಪತ್ರವನ್ನು ಕೇಳಿ ಓದಿದರು. ಅದರಲ್ಲಿ ಪ್ರಯೋಗಾಲಯದಲ್ಲಿ ಬೆಳೆದದ್ದೆಂದು ಸ್ಪಷ್ಟವಾಗಿ ಬರೆದಿತ್ತು. ‘ಇದನ್ನು ಆಮೇಲೆ ಬೇರೆ ಯಾರಿಂದಲೋ ತಿಳಿದಿದ್ದರೆ ನಿಮ್ಮ ಮಿಕ್ಕ ಮಾತುಗಳನ್ನೂ ತೂಗಿನೋಡಬೇಕಾಗುತ್ತಿತ್ತು’ ಎಂದರು. ಬೇರೆ ಆಕ್ಷೇಪವೇನನ್ನೂ ಹೇಳಲಿಲ್ಲ. ಕನ್ಯೆಯು ಕೇಳಿದ್ದು ಒಂದೇ: ಕಲ್ಲು ಸೀರೆಯ ನೂಲಿಗೆ ಸಿಕ್ಕದಂತೆ ತಗ್ಗಾಗಿ ಕೂರಿಸಬೇಕೆಂದು.

ವಜ್ರ ಕೊಳ್ಳುವ ಗೃಹಸ್ಥರು ಪರೀಕ್ಷಾಪತ್ರದ ಸಂಖ್ಯೆಯನ್ನು ಕಲ್ಲಿನ ನಡುವಂಚಿನಲ್ಲಿ ಕೊರೆದಿದ್ದರೆ ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ತಾಳೆ ನೋಡಲಿ. ಅಂಗಡಿಯ ದೀಪದಲ್ಲಿ ಮಾತ್ರವಲ್ಲದೆ ಬಾಗಿಲಾಚೆಯ ಹಗಲು ಬೆಳಕಿನಲ್ಲಿಯೂ ನೋಡಲಿ. ರಸೀದಿಯನ್ನೂ ಪರೀಕ್ಷಾಪತ್ರವನ್ನೂ ಒಂದೇ ಲಕೋಟೆಯಲ್ಲಿಟ್ಟು ಉಂಗುರದೊಡನೆ ಸೊಸೆಯ ಕೈಗೇ ಕೊಡಲಿ. ನಮ್ಮಲ್ಲಿ ಹಾಗೆಯೇ ಮಾಡಿದೆವು. ಲಕೋಟೆಯನ್ನು ಕೊಟ್ಟವಳು ನನ್ನ ಮನೆಯಾಕೆ.